ಗಾಡಿಗೆ ಹೇರಿದ ಪದ: ‘ಚಾರ್ಜ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿನಿ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದಿಸುವ ಅಭ್ಯಾಸ ಮಾಡುತ್ತಿದ್ದೇನೆ. ‘ಚಾರ್ಜ್’ ಎಂಬ ಪದ ಬಂದಾಗಲೆಲ್ಲ ತಡವರಿಸುತ್ತೇನೆ. ನಿಘಂಟು ತೆರೆದರೆ ಶುಲ್ಕ, ಆರೋಪ, ದಾಳಿ, ಹೊಣೆ, ವಿದ್ಯುದಾವೇಶ, ಕೋವಿಗೆ ಮದ್ದು ತುಂಬುವುದು ಎಂದೆಲ್ಲ ಇದೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಕಾಣುವುದಿಲ್ಲ. ಮೊನ್ನೆ ಒಂದು ಕಥೆಯನ್ನು ಅನುವಾದಿಸುವಾಗ ‘ಅನಾಥ ಮಕ್ಕಳನ್ನು ನೋಡಿಕೊಂಡ ಆರೋಪ ಅವಳ ಮೇಲಿತ್ತು’ ಎಂದು ಬರೆದುಬಿಟ್ಟೆ. ಇಷ್ಟೊಂದು ಅರ್ಥಗಳನ್ನು ನೆನಪಿಡುವುದು ಹೇಗೆ? ಇದರ ಸಮಾನಾರ್ಥಕ ಪದಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನಿಮ್ಮ ತಪ್ಪು ವಾಕ್ಯವನ್ನು ಕೊನೆಯಲ್ಲಿ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಸದ್ಯಕ್ಕೆ ಇಷ್ಟು ಹೇಳುತ್ತೇನೆ: ನೀವು ಆರಿಸಿದ ಪದ ತಪ್ಪಾದರೂ ನೀವು ಅದರ ಮೂಲಕ್ಕೆ ಬಹಳ ಹತ್ತಿರದಲ್ಲಿದ್ದಿರಿ. ‘ಆರೋಪ’ ಮತ್ತು ‘ಹೊಣೆ’ ಎರಡನ್ನೂ ಕನ್ನಡದಲ್ಲಿ ‘ಹೊರಿಸುತ್ತೇವೆ’ ಎನ್ನುವುದನ್ನು ಗಮನಿಸಿ. ಆರೋಪ ಹೊರಿಸಿದರು, ಹೊಣೆ ಹೊರಿಸಿದರು. ಇಂಗ್ಲಿಷಿನವರೂ ಇದನ್ನೇ ಮಾಡಿದ್ದಾರೆ. ಅವರ ‘ಚಾರ್ಜ್’ ಎಂದರೆ ಮೂಲತಃ ಹೊರೆ.

ಲ್ಯಾಟಿನ್ ಭಾಷೆಯಲ್ಲಿ ‘ಕಾರುಸ್’ ಎಂದರೆ ಗಾಡಿ. ರೋಮನ್ನರಿಗೂ ಅದು ಸ್ವಂತ ಪದವಲ್ಲ. ಗಾಲ್ ಪ್ರದೇಶದ ಕೆಲ್ಟಿಕ್ ಜನರಿಂದ ಪಡೆದದ್ದು. ಅದರಿಂದ ‘ಕಾರಿಕಾರೆ’ ಎಂಬ ಕ್ರಿಯಾಪದ ಹುಟ್ಟಿತು, ಗಾಡಿಗೆ ಸರಕು ಹೇರು ಎಂಬ ಅರ್ಥದಲ್ಲಿ. ಹಳೆಯ ಫ್ರೆಂಚಿನಲ್ಲಿ ಅದು ‘ಶಾರ್ಜಿಯೆ’ಯಂತಹ ರೂಪ ತಾಳಿ, 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿಗೆ ಬಂದು ‘ಚಾರ್ಜ್’ ಆಯಿತು. ನಾವು ದಿನವೂ ಆಡುವ ‘ಕಾರು’, ಹಡಗಿನ ‘ಕಾರ್ಗೊ’, ಹೊತ್ತೊಯ್ಯುವ ‘ಕ್ಯಾರಿ’ ಎಲ್ಲವೂ ಇದೇ ಗಾಡಿಯಿಂದ ಇಳಿದವು. ವ್ಯಂಗ್ಯಚಿತ್ರಕ್ಕೆ ಇಂಗ್ಲಿಷಿನಲ್ಲಿರುವ ‘ಕ್ಯಾರಿಕೇಚರ್’ ಕೂಡ ಈ ಬಳಗದ್ದೇ. ಮುಖದ ಒಂದು ಲಕ್ಷಣದ ಮೇಲೆ ಅಗತ್ಯಕ್ಕಿಂತ ಹೆಚ್ಚು ಭಾರ ಹೇರಿದ ಚಿತ್ರ ಅದು. ಈ ಸಂಬಂಧ ಮೊದಲ ಬಾರಿ ತಿಳಿದ ದಿನ ನನಗಾದ ಸಂತೋಷ ಇವತ್ತಿಗೂ ಮಾಸಿಲ್ಲ.

ಹಾಗಾಗಿ ಇಪ್ಪತ್ತು ಅರ್ಥಗಳನ್ನು ಬಾಯಿಪಾಠ ಮಾಡಬೇಡಿ. ಪದ ಎದುರಾದಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾರ ಮೇಲೆ, ಅಥವಾ ಯಾವುದರ ಮೇಲೆ, ಏನನ್ನು ಹೇರಲಾಗಿದೆ? ಹಣ ಕೊಡುವ ಹೊರೆಯನ್ನು ಹೇರಿದರೆ ಶುಲ್ಕ. ತಪ್ಪಿನ ಹೊರೆಯನ್ನು ಹೇರಿದರೆ ಆರೋಪ. ಕೆಲಸದ ಹೊರೆಯಾದರೆ ಹೊಣೆ. ಕೋವಿಯೊಳಗೆ ಮದ್ದಿನ ಹೊರೆ, ಬ್ಯಾಟರಿಯೊಳಗೆ ವಿದ್ಯುತ್ತಿನ ಹೊರೆ. ದಾಳಿ ಮಾತ್ರ ಸ್ವಲ್ಪ ಸುತ್ತು ದಾರಿಯಲ್ಲಿ ಬಂದಿದೆ, ಅದಕ್ಕೂ ಬರುತ್ತೇನೆ.

ಮೊದಲು ಆರೋಪವನ್ನು ನೋಡೋಣ. ಅನುವಾದಕರು ಎಡವುವುದು ಇಲ್ಲಿಯೇ ಹೆಚ್ಚು. ‘ಆರೋಪ’ ಎಂಬ ಸಂಸ್ಕೃತ ಪದದ ಒಳಗೇ ಮೇಲೇರಿಸುವ ಅರ್ಥವಿದೆ. ಪರ್ವತಾರೋಹಣದಲ್ಲಿರುವ ‘ರುಹ್’ ಧಾತುವೇ ಇದರಲ್ಲೂ ಇರುವುದು. ತಾನೇ ಏರುವುದು ಆರೋಹಣ. ಒಂದನ್ನು ಇನ್ನೊಂದರ ಮೇಲೆ ಏರಿಸುವುದು ಆರೋಪಣ. ಅಂದರೆ ತಪ್ಪನ್ನು ಒಬ್ಬರ ಮೇಲೆ ಏರಿಸಿ ಇಡುವುದು. ಲ್ಯಾಟಿನ್ನಿನ ಗಾಡಿಯೂ ಸಂಸ್ಕೃತದ ಧಾತುವೂ ಎಲ್ಲಿಂದಲೋ ಹೊರಟು ಒಂದೇ ಚಿತ್ರಕ್ಕೆ ಬಂದು ಸೇರಿವೆ. ನಮ್ಮದೇ ‘ಹೊರು’ ಎಂಬ ದೇಸಿ ಕ್ರಿಯಾಪದ ಅದಕ್ಕೆ ಜೊತೆಯಾಗಿ ‘ಆರೋಪ ಹೊರಿಸು’ ಎಂಬ ನುಡಿ ರೂಢಿಗೆ ಬಂತು.

ಇಂಗ್ಲಿಷಿನಲ್ಲಿ ಇದಕ್ಕೆ ಸಮಾನಾರ್ಥಕವೆಂದು ಕೊಡುವ ಪದಗಳು ‘ಅಕ್ಯೂಸ್’, ‘ಅಲೆಜ್’, ‘ಬ್ಲೇಮ್’, ‘ಇಂಡೈಟ್’. ಇವು ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ‘ಅಕ್ಯೂಸ್’ ಅನ್ನು ಯಾರು ಯಾರಿಗೆ ಬೇಕಾದರೂ ಮಾಡಬಹುದು. ತಮ್ಮ ಅಕ್ಕನ ಮೇಲೆ ಪೆನ್ನು ಕದ್ದಳೆಂದು ದೂರುವುದು ‘ಅಕ್ಯೂಸ್’. ‘ಚಾರ್ಜ್’ ಆಗಬೇಕಾದರೆ ಸಾಮಾನ್ಯವಾಗಿ ಅಧಿಕಾರವಿರುವ ಒಂದು ಸಂಸ್ಥೆ ಬೇಕು, ಒಂದು ದಾಖಲೆ ಬೇಕು. ಜೊತೆಗೆ ಬರುವ ಉಪಪದವೂ ಬೇರೆ: ‘ಅಕ್ಯೂಸ್’ ಆದಮೇಲೆ ‘ಆಫ್’, ‘ಚಾರ್ಜ್’ ಆದಮೇಲೆ ‘ವಿತ್’. ಇದನ್ನು ಅದಲು ಬದಲು ಮಾಡುವುದು ಬರೆದು ಪಳಗಿದವರಲ್ಲೂ ಕಾಣುವ ತಪ್ಪು. ‘ಅಲೆಜ್’ ಮಾಡುವುದು ವ್ಯಕ್ತಿಯನ್ನಲ್ಲ, ಸಂಗತಿಯನ್ನು. ಹೀಗೆ ನಡೆಯಿತು ಎಂದು ಸಾಕ್ಷ್ಯ ಒದಗಿಸುವ ಮೊದಲೇ ಹೇಳುವುದು ಅದು. ‘ಬ್ಲೇಮ್’ನಲ್ಲಿ ತಪ್ಪು ಆಗಿಹೋಗಿದೆ, ಯಾರ ತಲೆಗೆ ಕಟ್ಟಬೇಕು ಎನ್ನುವುದಷ್ಟೇ ವಿಷಯ. ‘ಇಂಡೈಟ್’ ಕೋರ್ಟಿನ ಪದ. ಗಂಭೀರ ಅಪರಾಧಗಳಿಗೆ ವಿಧಿಪೂರ್ವಕವಾಗಿ ಆರೋಪ ಸಲ್ಲಿಸುವುದಕ್ಕೆ ಬಳಸುವಂಥದ್ದು.

ಕನ್ನಡದಲ್ಲಿ ದೂರು, ಆಪಾದನೆ, ಆರೋಪ, ದೋಷಾರೋಪ ಎಂಬ ಮೆಟ್ಟಿಲುಗಳಿವೆ. ದೂರು ಯಾರಾದರೂ ಕೊಡಬಹುದು. ಆಪಾದನೆ ಬಾಯಿಮಾತಿನದೂ ಆಗಬಹುದು. ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವ ‘ಚಾರ್ಜ್‌ಶೀಟ್’ಗೆ ಪತ್ರಿಕೆಗಳು ‘ದೋಷಾರೋಪ ಪಟ್ಟಿ’ ಅಥವಾ ‘ಆರೋಪಪಟ್ಟಿ’ ಎನ್ನುತ್ತವೆ, ಎರಡೂ ಸರಿ. ಆದರೆ ನ್ಯಾಯಾಧೀಶರು ಆ ಪಟ್ಟಿಯನ್ನು ಪರಿಶೀಲಿಸಿ ಯಾವ ಯಾವ ಆರೋಪಗಳ ಮೇಲೆ ವಿಚಾರಣೆ ನಡೆಯಬೇಕು ಎಂದು ತೀರ್ಮಾನಿಸುವುದು ಬೇರೆ ಹಂತ. ಅದು ‘ಆರೋಪ ನಿಗದಿ’. ಇವೆರಡನ್ನೂ ‘ಆರೋಪಪಟ್ಟಿ ಸಲ್ಲಿಕೆ’ ಎಂದು ಬರೆದರೆ ಪ್ರಕರಣ ಯಾವ ಹಂತದಲ್ಲಿದೆ ಎಂದು ಓದುಗರಿಗೆ ತಿಳಿಯದೇ ಹೋಗುತ್ತದೆ. ಇನ್ನೊಂದು ಮಾತು: ‘ಚಾರ್ಜ್’ ಆದ ಮನುಷ್ಯ ಆರೋಪಿ ಮಾತ್ರ, ಅಪರಾಧಿಯಲ್ಲ. ಇದನ್ನು ಅನುವಾದಕರು ಎಷ್ಟು ಸಲ ನೆನಪಿಸಿಕೊಂಡರೂ ಕಡಿಮೆಯೇ. ಒಂದು ಪದ ತಪ್ಪಿದರೆ ಒಬ್ಬರ ಮಾನ ಹೋಗುತ್ತದೆ.

ಈಗ ನಿಮ್ಮನ್ನು ಎಡವಿಸಿದ ‘ಚಾರ್ಜ್ಡ್ ವಿತ್’ ಎಂಬ ಜೋಡಿಯನ್ನು ಹತ್ತಿರದಿಂದ ನೋಡೋಣ. ಈ ಎರಡು ಪದಗಳು ಯಾವ ಬದಲಾವಣೆಯೂ ಇಲ್ಲದೆ ನಾಲ್ಕು ಕಡೆ ಬರುತ್ತವೆ. ಒಬ್ಬ ಕಳ್ಳತನದೊಂದಿಗೆ ‘ಚಾರ್ಜ್ಡ್’, ಒಬ್ಬಳು ಒಂದು ಕೆಲಸದೊಂದಿಗೆ ‘ಚಾರ್ಜ್ಡ್’, ಒಂದು ಸಭೆ ಭಾವನೆಯೊಂದಿಗೆ ‘ಚಾರ್ಜ್ಡ್’, ಒಂದು ಮೋಡ ವಿದ್ಯುತ್ತಿನೊಂದಿಗೆ ‘ಚಾರ್ಜ್ಡ್’. ವ್ಯಾಕರಣ ಇಲ್ಲಿ ನಿಮಗೆ ಯಾವ ಸಹಾಯವನ್ನೂ ಮಾಡದು, ಏಕೆಂದರೆ ಕದಿಯುವುದು, ನೋಡಿಕೊಳ್ಳುವುದು ಎರಡೂ ಒಂದೇ ಬಗೆಯ ಕ್ರಿಯಾರೂಪದಲ್ಲಿ ಬರುತ್ತವೆ. ಸಹಾಯಕ್ಕೆ ಬರುವುದು ಲೋಕಜ್ಞಾನ. ‘ವಿತ್’ ಆದಮೇಲೆ ಇರುವುದು ಯಾರಾದರೂ ಒಪ್ಪಿಸುವ ಕೆಲಸವೋ, ಯಾರಾದರೂ ದೂರುವ ಕೃತ್ಯವೋ ಎಂದು ಕೇಳಿಕೊಳ್ಳಬೇಕು. ಮಕ್ಕಳನ್ನು ನೋಡಿಕೊಳ್ಳುವುದನ್ನು ಯಾರೂ ದೂರುವುದಿಲ್ಲ. ಹಾಗಾಗಿ ಅದು ಹೊಣೆ.

ಆದರೆ ಕೆಲವೊಮ್ಮೆ ಲೋಕಜ್ಞಾನವೂ ಸಾಲದು. ‘ಕರಪತ್ರ ಹಂಚುವುದು’ ಎಂದು ‘ವಿತ್’ ಆದಮೇಲೆ ಬಂದಿದೆ ಎಂದುಕೊಳ್ಳಿ. ಚುನಾವಣೆಯ ಕಥೆಯಾದರೆ ಕಾರ್ಯಕರ್ತನಿಗೆ ಕರಪತ್ರ ಹಂಚುವ ಕೆಲಸ ವಹಿಸಿದ್ದಾರೆ. ದಬ್ಬಾಳಿಕೆಯ ಸರ್ಕಾರವೊಂದರ ಕಥೆಯಾದರೆ ಕರಪತ್ರ ಹಂಚಿದ ಆರೋಪದ ಮೇಲೆ ಅವನನ್ನು ಹಿಡಿದಿದ್ದಾರೆ. ಒಂದೇ ವಾಕ್ಯ, ಒಂದೇ ಕರಪತ್ರ. ಇಲ್ಲಿ ಹಿಂದಿನ ಪುಟಕ್ಕೆ ಹೋಗಿ ಓದದೆ ಅನುವಾದಿಸಲು ಆಗುವುದೇ ಇಲ್ಲ. ಬಿಡಿ ವಾಕ್ಯಗಳನ್ನು ಕೊಟ್ಟು ಅನುವಾದ ಕಲಿಸುವ ಪದ್ಧತಿಯ ಬಗ್ಗೆ ನನಗೆ ಅಸಮಾಧಾನ ಇರುವುದು ಈ ಕಾರಣಕ್ಕೆ.

ಹೊಣೆಯ ಅರ್ಥದಲ್ಲಿ ಇನ್ನೊಂದು ಗುಂಡಿ ಇದೆ. ‘ಇನ್ ಚಾರ್ಜ್ ಆಫ್’ ಮತ್ತು ‘ಇನ್ ದ ಚಾರ್ಜ್ ಆಫ್’. ನಡುವೆ ಒಂದು ಪುಟ್ಟ ‘ದ’ ಮಾತ್ರ ಹೆಚ್ಚು. ಆದರೆ ಅರ್ಥ ತಲೆಕೆಳಗು. ದಾದಿ ಮಗುವಿನ ‘ಇನ್ ಚಾರ್ಜ್’ ಎಂದರೆ ದಾದಿ ನೋಡಿಕೊಳ್ಳುವವಳು. ಮಗು ದಾದಿಯ ‘ಇನ್ ದ ಚಾರ್ಜ್’ ಎಂದರೆ ಮಗು ಅವಳ ಆರೈಕೆಯಲ್ಲಿದೆ. ಹೊರುವವರು ಯಾರು, ಹೊರೆ ಯಾರು ಎನ್ನುವುದನ್ನು ಆ ಒಂದು ‘ದ’ ತೀರ್ಮಾನಿಸುತ್ತದೆ. ನನ್ನ ಬಳಿಗೆ ತಿದ್ದಲು ಬಂದ ಒಂದು ಹಸ್ತಪ್ರತಿಯಲ್ಲಿ ‘ದಾದಿಯು ಮಗುವಿನ ವಶದಲ್ಲಿದ್ದಳು’ ಎಂದಿತ್ತು. ಅದನ್ನು ‘ಮಗುವಿನ ಹೊಣೆ ದಾದಿಯದಾಗಿತ್ತು’ ಎಂದು ಬದಲಿಸಿದೆವು. ಕನ್ನಡದಲ್ಲಿ ವಿಭಕ್ತಿ ಈ ಕೆಲಸವನ್ನು ಸ್ಪಷ್ಟವಾಗಿ ಮಾಡುತ್ತದೆ. ಅದನ್ನು ನಂಬಿ ವಾಕ್ಯವನ್ನು ತಿರುಗಿಸಿ ಕಟ್ಟಿದರೆ ಗೊಂದಲ ಉಳಿಯುವುದಿಲ್ಲ. ಇದೇ ಅರ್ಥ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆರೈಕೆಯಲ್ಲಿರುವ ಮಗುವನ್ನೇ ‘ಚಾರ್ಜ್’ ಎಂದು ಕರೆಯುವುದೂ ಉಂಟು. ಹಳೆಯ ಇಂಗ್ಲಿಷ್ ಕಾದಂಬರಿಗಳಲ್ಲಿ ಶಿಕ್ಷಕಿಯೊಬ್ಬಳು ತನ್ನ ಇಬ್ಬರು ‘ಚಾರ್ಜ್’ಗಳನ್ನು ಕರೆದುಕೊಂಡು ನಡೆಯಲು ಹೊರಟಳು ಎಂಬಂತಹ ಸಾಲು ಬಂದರೆ ಗಾಬರಿಯಾಗಬೇಡಿ. ಅವರು ಅವಳು ನೋಡಿಕೊಳ್ಳುತ್ತಿರುವ ಮಕ್ಕಳು.

ಕಚೇರಿಗಳಲ್ಲಿ ‘ಇನ್‌ಚಾರ್ಜ್’ ಎನ್ನುವುದಕ್ಕೆ ಕನ್ನಡದಲ್ಲಿ ಎರಡು ಒಳ್ಳೆಯ ಪದಗಳಿವೆ, ಎರಡರ ಕೆಲಸವೂ ಬೇರೆ. ಹುದ್ದೆಗೆ ಕಾಯಂ ಆಗಿ ಯಾರೂ ಇಲ್ಲದಾಗ ತಾತ್ಕಾಲಿಕವಾಗಿ ಅದನ್ನು ಹೊತ್ತವರು ‘ಪ್ರಭಾರ’ ಅಧಿಕಾರಿ. ಒಂದು ಕೆಲಸವನ್ನು ಮೇಲುನಿಂತು ನೋಡಿಕೊಳ್ಳುವವರು ‘ಉಸ್ತುವಾರಿ’ ವಹಿಸಿದವರು. ‘ಪ್ರಭಾರ ಪ್ರಾಂಶುಪಾಲ’ರನ್ನು ‘ಉಸ್ತುವಾರಿ ಪ್ರಾಂಶುಪಾಲ’ ಎಂದರೆ ಅರ್ಥ ಕೆಡುತ್ತದೆ. ಪ್ರಭಾರದೊಳಗೆ ‘ಭಾರ’ ಕುಳಿತಿರುವುದನ್ನು ಗಮನಿಸಿದಿರಾ? ರಾಯಭಾರಿ ಎನ್ನುವಲ್ಲಿಯೂ ಅದೇ ಭಾರ. ರಾಜನ ಕಾರ್ಯಭಾರವನ್ನು ಹೊತ್ತು ಹೋಗುವವನು ರಾಯಭಾರಿ. ರಾಯಭಾರಿ ಇಲ್ಲದಾಗ ರಾಯಭಾರ ಕಚೇರಿಯನ್ನು ನಡೆಸುವ ಅಧಿಕಾರಿಗೆ ಫ್ರೆಂಚಿನಿಂದ ಬಂದ ಹೆಸರು ‘ಶಾರ್ಜೆ ದಫೇರ್’. ಅದೂ ‘ವ್ಯವಹಾರಗಳ ಹೊರೆ ಹೊತ್ತವನು’ ಎಂದೇ.

ಇದರ ಸಮಾನಾರ್ಥಕವಾಗಿ ‘ರೆಸ್ಪಾನ್ಸಿಬಿಲಿಟಿ’ಯನ್ನು ಕೊಡುತ್ತಾರೆ. ಎರಡರ ನಡುವೆ ನಾನು ಕಾಣುವ ವ್ಯತ್ಯಾಸ ಇದು. ‘ರೆಸ್ಪಾನ್ಸಿಬಿಲಿಟಿ’ಯ ಬೇರು ಉತ್ತರಿಸುವುದು. ನಮ್ಮ ‘ಜವಾಬ್ದಾರಿ’ಯೂ ಹಾಗೆಯೇ, ‘ಜವಾಬು’ ಎಂದರೆ ಉತ್ತರ. ಅಂದರೆ ಕೇಳಿದಾಗ ಉತ್ತರ ಕೊಡಬೇಕಾದ ಸ್ಥಿತಿ. ‘ಚಾರ್ಜ್’ನಲ್ಲಿ ಇನ್ನೊಬ್ಬರು ಹೊರಿಸಿದ ಭಾರ ಇದೆ. ಹಾಗಾಗಿ ವಹಿಸಿದವರು ಯಾರೆಂಬ ಸೂಚನೆ ಇಂಗ್ಲಿಷ್ ವಾಕ್ಯದಲ್ಲಿ ಇದ್ದರೆ ‘ಹೊಣೆ ವಹಿಸು’, ‘ಹೊಣೆ ಒಪ್ಪಿಸು’ ಎನ್ನಿ. ಸುಮ್ಮನೆ ಕರ್ತವ್ಯಪ್ರಜ್ಞೆಯ ಮಾತಾದರೆ ‘ಜವಾಬ್ದಾರಿ’ ಸಾಕು. ‘ಕಸ್ಟಡಿ’ ಬೇರೆಯೇ: ಅಲ್ಲಿ ಮುಖ್ಯವಾಗುವುದು ಹಿಡಿತ, ಅದು ‘ವಶ’.

ಹಣದ ಅರ್ಥದಲ್ಲಿ ಹೆಚ್ಚು ತೊಡಕಿಲ್ಲ. ‘ಪ್ರೈಸ್’ ವಸ್ತುವಿನ ಬೆಲೆ. ‘ಕಾಸ್ಟ್’ ತಗಲುವ ವೆಚ್ಚ. ‘ಫೀ’ ವೃತ್ತಿಪರರ ಸೇವೆಗೆ, ಪ್ರವೇಶಕ್ಕೆ, ಪರೀಕ್ಷೆಗೆ ಕೊಡುವ ಶುಲ್ಕ. ‘ಫೇರ್’ ಪ್ರಯಾಣದ ದರ. ‘ಟೋಲ್’ ರಸ್ತೆ, ಸೇತುವೆ ದಾಟಲು ತೆರುವ ಸುಂಕ. ‘ಚಾರ್ಜ್’ ಎಂದರೆ ಒಂದು ಸೇವೆಗೆ ಕೇಳುವ ಮೊತ್ತ. ಕರ್ತೃ ಯಾರು ಎಂದು ನೋಡಿದರೆ ಗೊಂದಲ ತಪ್ಪುತ್ತದೆ: ‘ಚಾರ್ಜ್’ ಮಾಡುವವರು ಹಣ ಪಡೆಯುವವರು, ‘ಕಾಸ್ಟ್’ ಆಗುವುದು ವಸ್ತು, ‘ಪೇ’ ಮಾಡುವವರು ಕೊಡುವವರು. ಕನ್ನಡದಲ್ಲಿ ಅಧಿಕಾರವಿರುವ ಸಂಸ್ಥೆಯಾದರೆ ಶುಲ್ಕ ‘ವಿಧಿಸುತ್ತದೆ’. ವ್ಯಕ್ತಿಯಾದರೆ ಇಷ್ಟು ‘ತೆಗೆದುಕೊಳ್ಳುತ್ತಾರೆ’ ಎನ್ನುವುದೇ ಸಹಜ. ಗಡಿಯಾರ ರಿಪೇರಿ ಮಾಡುವವರು ಶುಲ್ಕ ವಿಧಿಸಿದರು ಎಂದು ಕಥೆಯಲ್ಲಿ ಬರೆದರೆ ಅವರು ಸರ್ಕಾರಿ ಇಲಾಖೆಯಂತೆ ಕೇಳಿಸುತ್ತಾರೆ. ‘ನನ್ನ ಖಾತೆಗೆ ಚಾರ್ಜ್ ಮಾಡಿ’ ಎಂಬುದು ‘ನನ್ನ ಲೆಕ್ಕಕ್ಕೆ ಬರೆದುಕೊಳ್ಳಿ’. ಆಸ್ತಿಯ ಮೇಲಿನ ‘ಚಾರ್ಜ್’ ಎಂದರೆ ಆ ಆಸ್ತಿ ಒಂದು ಸಾಲಕ್ಕೆ ಭದ್ರತೆಯಾಗಿದೆ ಎಂದರ್ಥ. ಅದಕ್ಕೆ ನಮ್ಮಲ್ಲಿ ‘ಋಣಭಾರ’ ಎಂಬ ಎಷ್ಟು ಒಪ್ಪುವ ಪದವಿದೆ ನೋಡಿ.

ವಿದ್ಯುತ್ತಿನ ಅರ್ಥಕ್ಕೆ ಹೋಗುವ ದಾರಿ ಕೋವಿಯ ಮೂಲಕ ಸಾಗುತ್ತದೆ. ಹಳೆಯ ಕೋವಿಗಳಲ್ಲಿ ಪ್ರತಿ ಸಲ ಗುಂಡು ಹಾರಿಸುವ ಮುನ್ನ ನಳಿಗೆಯೊಳಗೆ ಅಳತೆ ಮಾಡಿ ಮದ್ದು ಸುರಿದು, ಗುಂಡು ಹಾಕಿ ಗಟ್ಟಿಸಬೇಕಿತ್ತು. ಹಾಗೆ ತುಂಬುವುದೂ ತುಂಬಿದ ಮದ್ದೂ ‘ಚಾರ್ಜ್’, ಹಾರಿಸಿದಾಗ ‘ಡಿಸ್ಚಾರ್ಜ್’. 1745–46ರ ಹೊತ್ತಿಗೆ ಯುರೋಪಿನಲ್ಲಿ ಲೇಡನ್ ಜಾಡಿ ಎಂಬ ಸಾಧನ ಬಂತು. ಗಾಜಿನ ಜಾಡಿಯಲ್ಲಿ ಸ್ಥಿರ ವಿದ್ಯುತ್ತನ್ನು ಕೂಡಿಟ್ಟು, ಬೇಕಾದಾಗ ಒಂದೇ ಏಟಿಗೆ ಹೊರಬಿಡಬಹುದಿತ್ತು. ತುಂಬುವುದು, ಸಿಡಿಸುವುದು! ಕೋವಿಯ ಮಾತು ಜಾಡಿಗೆ ತಾನಾಗಿಯೇ ಹೊಂದಿಕೊಂಡಿತು. ಬೆಂಜಮಿನ್ ಫ್ರಾಂಕ್ಲಿನ್ ಅದೇ ದಶಕದ ಕೊನೆಯಲ್ಲಿ ಇಂತಹ ಹಲವು ಜಾಡಿಗಳ ಸಾಲನ್ನು ‘ಬ್ಯಾಟರಿ’ ಎಂದು ಕರೆದರು. ಅದು ಫಿರಂಗಿಗಳ ಸಾಲಿಗಿದ್ದ ಹೆಸರು. ಇವತ್ತು ನಾವು ಮೊಬೈಲ್ ಚಾರ್ಜ್ ಮಾಡುವಾಗ ಬಳಸುವ ಎರಡು ಪದಗಳೂ ರಣರಂಗದಿಂದ ಬಂದವು.

ಕನ್ನಡದ ಭೌತಶಾಸ್ತ್ರದಲ್ಲಿ ಇದಕ್ಕೆ ‘ವಿದ್ಯುದಾವೇಶ’ ಅಥವಾ ‘ಆವೇಶ’ ಎನ್ನುತ್ತೇವೆ. ಧನಾವೇಶ, ಋಣಾವೇಶ ಎಂದು ಎರಡು ಬಗೆ. ‘ಆವೇಶ’ ಎಂದರೆ ಒಳಹೊಗುವುದು, ‘ಪ್ರವೇಶ’ದಲ್ಲಿರುವ ಧಾತುವೇ. ಈ ಪದವನ್ನು ಆರಿಸಿದವರಿಗೆ ನಾನು ಮನಸಾರೆ ಕೃತಜ್ಞ. ಏಕೆಂದರೆ ಇಂಗ್ಲಿಷಿನಲ್ಲಿ ವಿದ್ಯುತ್ತಿನಿಂದ ಮನಸ್ಸಿಗೆ ‘ಚಾರ್ಜ್ಡ್’ ಜಿಗಿಯುವಂತೆಯೇ ಕನ್ನಡದಲ್ಲಿ ‘ಆವೇಶ’ವೂ ಎರಡು ಕಡೆ ಇದೆ. ಭಾವನೆ ತುಂಬಿದ ಭಾಷಣ ಆವೇಶದ ಭಾಷಣ. ಆದರೆ ಎಚ್ಚರ: ‘ಆವೇಶ’ದಲ್ಲಿ ಸಿಟ್ಟು, ಉದ್ರೇಕ ಇದೆ. ದುಃಖ ತುಂಬಿದ ಮೌನಕ್ಕೂ ಇಂಗ್ಲಿಷಿನಲ್ಲಿ ‘ಚಾರ್ಜ್ಡ್’ ಎನ್ನಬಹುದು. ಕನ್ನಡದಲ್ಲಿ ಅದು ‘ಮಡುಗಟ್ಟಿದ’ ಅಥವಾ ‘ಭಾರವಾದ’ ಮೌನ.

ಫೋನಿನ ವಿಷಯದಲ್ಲಿ ‘ಚಾರ್ಜ್ ಮಾಡು’ ಎಂದೇ ಬರೆಯಿರಿ. ಅದು ಕನ್ನಡದ್ದೇ ಆಗಿಹೋಗಿದೆ. ‘ಆವೇಶಿಸು’ ಎಂದರೆ ಯಾರಿಗೂ ತಿಳಿಯದು. ವಿಜ್ಞಾನದ ಬರಹವಾದರೆ ಮಾತ್ರ ಒಂದು ಸೂಕ್ಷ್ಮವಿದೆ. ಬ್ಯಾಟರಿ ಪೂರ್ತಿ ಚಾರ್ಜ್ ಆದಾಗಲೂ ಅದರ ಒಟ್ಟು ವಿದ್ಯುದಾವೇಶ ಸೊನ್ನೆಯೇ. ಒಳಗೆ ಅಯಾನುಗಳು ಒಂದು ಧ್ರುವದಿಂದ ಇನ್ನೊಂದಕ್ಕೆ ಸರಿದು ರಾಸಾಯನಿಕ ಶಕ್ತಿ ಸಂಗ್ರಹವಾಗಿರುತ್ತದೆ. 5,000 ಮಿಲಿಆಂಪಿಯರ್-ಗಂಟೆ ಎಂದು ಬ್ಯಾಟರಿಯ ಮೇಲೆ ಬರೆದಿರುವುದು ಅದು ಹೊರಗಿನ ತಂತಿಯ ಮೂಲಕ ಹರಿಸಬಲ್ಲ ಆವೇಶ, ಅಂದರೆ 18,000 ಕೂಲಂಬ್. ಹಾಗಾಗಿ ‘ಬ್ಯಾಟರಿಯಲ್ಲಿ ವಿದ್ಯುದಾವೇಶ ತುಂಬಿದೆ’ ಎಂದು ಪಾಠದಲ್ಲಿ ಬರೆಯಬೇಡಿ.

ದಾಳಿಯ ಅರ್ಥವೂ ಆಯುಧದಿಂದಲೇ ಬಂದದ್ದು. ಈಟಿಯನ್ನು ಮುಂದಕ್ಕೆ ಚಾಚಿ ಹೊಡೆತಕ್ಕೆ ಅಣಿಮಾಡುವುದಕ್ಕೆ ‘ಚಾರ್ಜ್’ ಎನ್ನುತ್ತಿದ್ದರು. ಹಾಗೆ ಅಣಿಮಾಡಿದ ಸವಾರ ಮರುಗಳಿಗೆಯಲ್ಲಿ ಶತ್ರುವಿನ ಮೇಲೆ ಎರಗುತ್ತಿದ್ದ. ಹೆಸರು ಆಯುಧದಿಂದ ಓಟಕ್ಕೆ ದಾಟಿತು. ಆದ್ದರಿಂದಲೇ ‘ಅಟ್ಯಾಕ್’ಗೂ ‘ಚಾರ್ಜ್’ಗೂ ವ್ಯತ್ಯಾಸವಿದೆ. ದೂರದಿಂದ ಕಲ್ಲು ಎಸೆದರೂ ‘ಅಟ್ಯಾಕ್’, ‘ಚಾರ್ಜ್’ ಮಾಡಲು ಓಡಿ ಬರಬೇಕು. ಗೂಳಿ, ಆನೆ, ಘೇಂಡಾಮೃಗಗಳ ವಿಷಯದಲ್ಲಿ ‘ದಾಳಿ ಮಾಡಿತು’ ಎನ್ನುವುದಕ್ಕಿಂತ ‘ನುಗ್ಗಿ ಬಂತು’, ‘ಮೇಲೆ ಎರಗಿತು’ ಎನ್ನುವುದು ಹೆಚ್ಚು ಸರಿ. ಎಷ್ಟೋ ಸಲ ಆನೆ ಹೆದರಿಸಲೆಂದು ರಭಸದಿಂದ ಬಂದು ನಡುವೆಯೇ ನಿಂತುಬಿಡುತ್ತದೆ. ಅದೂ ‘ಚಾರ್ಜ್’. ಆದರೆ ‘ದಾಳಿ’ ಎಂದು ಬರೆದರೆ ಆಗದ ಗಾಯವನ್ನು ಓದುಗರು ಊಹಿಸಿಕೊಳ್ಳುತ್ತಾರೆ. ‘ಲಾಠಿ ಚಾರ್ಜ್’ಗೆ ‘ಲಾಠಿ ಪ್ರಹಾರ’ ರೂಢಿಯಲ್ಲಿದೆ.

ಇನ್ನು ಉಳಿದವು ಅಪರೂಪದವು. ನ್ಯಾಯಾಧೀಶರು ಜ್ಯೂರಿಗೆ ನೀಡುವ ‘ಚಾರ್ಜ್’ ಎಂದರೆ ನಿರ್ದೇಶನ. ಗುರಾಣಿಯ ಮೇಲೆ ಬರೆದ ಸಿಂಹವೋ ಹದ್ದೋ ‘ಚಾರ್ಜ್’ ಆದರೆ ಅದು ಲಾಂಛನದ ಚಿತ್ರ. ‘ಡಿಸ್ಚಾರ್ಜ್’ ಎಲ್ಲಿ ಕಂಡರೂ ಹೊರೆ ಇಳಿಯಿತು ಎಂದುಕೊಳ್ಳಿ: ರೋಗಿ ಆಸ್ಪತ್ರೆಯಿಂದ ಬಿಡುಗಡೆಯಾದ, ಸಾಲ ತೀರಿತು, ಸೈನಿಕ ಸೇವೆಯಿಂದ ಮುಕ್ತನಾದ, ಗಾಯದಿಂದ ಕೀವು ಸೋರಿತು.

ಈಗ ನಿಮ್ಮ ವಾಕ್ಯ. ‘ಅನಾಥ ಮಕ್ಕಳನ್ನು ನೋಡಿಕೊಳ್ಳುವ ಹೊಣೆಯನ್ನು ಅವಳಿಗೆ ವಹಿಸಲಾಗಿತ್ತು’ ಎಂದರೆ ಅರ್ಥದಲ್ಲಿ ದೋಷವಿಲ್ಲ. ವರದಿಯಾಗಿದ್ದರೆ ನಾನೂ ಹಾಗೆಯೇ ಬಿಡುತ್ತಿದ್ದೆ. ಆದರೆ ಇದು ಕಥೆ. ವಹಿಸಿದವರು ಯಾರೆಂದು ಕಥೆಯಲ್ಲಿ ಇದ್ದರೆ ಅವರನ್ನೇ ಕರ್ತೃವಾಗಿಸಿ: ‘ಆ ಮಕ್ಕಳನ್ನು ಮಠದವರು ಅವಳ ಕೈಗೊಪ್ಪಿಸಿದ್ದರು’ ಎಂಬ ಹಾಗೆ. ಯಾರೂ ಒಪ್ಪಿಸದೆ ಸಂದರ್ಭವೇ ಅವಳ ಮೇಲೆ ಹಾಕಿದ್ದಾದರೆ ‘ಆ ಮಕ್ಕಳ ಭಾರ ಅವಳ ಮೇಲೆ ಬಿದ್ದಿತ್ತು’ ಎನ್ನಿ. ಅವಳು ಅದನ್ನು ಪ್ರೀತಿಯಿಂದ ಹೊತ್ತಿದ್ದಳೋ ಬೇಸರದಿಂದಲೋ ಎಂಬುದು ಕಥೆ ಓದಿದ ನಿಮಗೆ ಗೊತ್ತು. ಪ್ರೀತಿಯಿಂದಾದರೆ ‘ಬಿದ್ದಿತ್ತು’ ತೆಗೆದು ‘ಆ ಮಕ್ಕಳ ಭಾರವನ್ನು ಅವಳು ಹೊತ್ತಿದ್ದಳು’ ಎಂದು ಮಾಡಿ.